ಚಿಕ್ಕಪ್ಪನ ಭಾಷಣದ ಮೂರನೇ ಭಾಗ

ನಾನು ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಕೀಳುತ್ತಾರೆ, ಕೊರೆಯುತ್ತಾರೆ, "ಬಾಯಿ ಇನ್ನೂ ದೊಡ್ಡದಾಗಿ ತೆಗೀರಿ" ಎನ್ನುತ್ತಾರೆ. ಆಮೇಲೆ ಆ ಬಾಯಿಗೆ ಬೇಕಾದ ಹಲ್ಲು ಮಾಡಿಕೊಡಲು ನನ್ನಂಥವರೇ ಬೇಕು. ನಮ್ಮ ಮನೆಯ ಹಿಂದಿನ ಕೋಣೆಯೇ ನನ್ನ ಲ್ಯಾಬು. ಕಿಟಕಿಯ ಬಳಿ ಹಲ್ಲು ಉಜ್ಜಿ ನಯ ಮಾಡುವ ಮೇಜು, ಮೂಲೆಯಲ್ಲಿ ಅಚ್ಚು ಹಾಕುವ ಪ್ರಿಂಟರು, ನಡುವೆ ಲ್ಯಾಪ್‌ಟಾಪು, ಎಲ್ಲದರ ಮೇಲೂ ಎಷ್ಟು ಒರೆಸಿದರೂ ಹೋಗದ ಬಿಳಿ ಧೂಳು. ಡಾಕ್ಟರುಗಳು ಬಾಯಿಯ ಅಳತೆಯನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಅದರಲ್ಲಿ ಹೆಸರಿರುವುದಿಲ್ಲ, ಬರೀ ಒಂದು ನಂಬರು. ಹಾಗಾಗಿ ಬೀದಿಯಲ್ಲಿ ನನ್ನನ್ನು ಕಂಡು ನಗುವವರಲ್ಲಿ ಯಾರ ಬಾಯಲ್ಲಿ ನನ್ನ ಹಲ್ಲಿದೆ ಎಂದು ನನಗೇ ಗೊತ್ತಾಗುವುದಿಲ್ಲ.

ಹೆಸರು ಗೊತ್ತಾಗದಿದ್ದರೇನು, ಗುಣ ಗೊತ್ತಾಗುತ್ತದೆ. ಉಗುರು ಕಚ್ಚುವವರು, ಒಂದೇ ಕಡೆ ಅಗಿಯುವವರು, ಸೂಜಿದಾರವನ್ನು ಹಲ್ಲಲ್ಲೇ ಕಡಿಯುವವರು, ಎಲ್ಲರೂ ನನ್ನ ಪರದೆಯ ಮೇಲೆ ಸಿಕ್ಕಿಬೀಳುತ್ತಾರೆ. ಊಟಕ್ಕೆ ಕೂತಾಗ ಅವರ ಬಗ್ಗೆ ಹರಟುವುದು ನನ್ನ ಚಾಳಿ. ಹೋದ ವರ್ಷ ಒಂದು ಕೋರೆಹಲ್ಲಿನ ಕೇಸು ಬಂದಿತ್ತು. ಅರ್ಧ ದವಡೆಯ ಸ್ಕ್ಯಾನು, ಮುರಿದ ಹಲ್ಲಿಗೆ ಟೋಪಿ ಹಾಕಬೇಕು. ಉಳಿದ ಹಲ್ಲುಗಳ ತುದಿಯೆಲ್ಲ ಸವೆದು ಚಪ್ಪಟೆಯಾಗಿತ್ತು. "ಈ ಮನುಷ್ಯ ನಿದ್ದೇಲಿ ಹಲ್ಲು ಕಡೀತಾನೆ. ಹಗಲೆಲ್ಲ ಬಾಯಿ ಮುಚ್ಚಿಕೊಂಡಿರ್ತಾನೆ ಪಾಪ. ಕಟ್ಕೊಂಡವಳು ಎಂಥ ಗಯ್ಯಾಳಿಯೋ ಏನೋ!" ಎಂದು ನಾನು ಅಂದಿದ್ದಕ್ಕೆ ನಮ್ಮ ಯಜಮಾನರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರಿಗೆ ನನ್ನ ಹಲ್ಲಿನ ಕಥೆ ಬೇಜಾರಾಗಿರಬೇಕು ಅಂದುಕೊಂಡೆ.

ಆ ಕೋರೆಹಲ್ಲು ನನ್ನ ಕೈಯಿಂದ ಬಂದ ಕೆಲಸಗಳಲ್ಲೇ ಚೆಂದದ್ದು. ಬುಡದಲ್ಲಿ ತುಸು ಹಳದಿ, ತುದಿಯಲ್ಲಿ ಗಾಜಿನಂಥ ತೆಳು ಬಣ್ಣ. ಪಕ್ಕದ ಹಲ್ಲಿನ ಜೊತೆ ಇಟ್ಟರೆ ಹುಟ್ಟಿಸಿದ ದೇವರಿಗೂ ಯಾವುದು ತನ್ನದು ಅಂತ ಗೊತ್ತಾಗಬಾರದು. ನಮ್ಮ ಕಸುಬಿನವರ ಸಭೆಯಲ್ಲಿ ಅದನ್ನು ತೋರಿಸೋಣ ಎಂದು ಹುಡುಕಿದರೆ, ಆ ಒಂದು ಕೇಸು ಮಾತ್ರ ಲ್ಯಾಪ್‌ಟಾಪಿನಿಂದ ಮಾಯ! ಕೆಟ್ಟ ಕೆಲಸವೆಲ್ಲ ಭದ್ರವಾಗಿದೆ, ಒಳ್ಳೆಯದು ಕಾಣೆ. ಅವತ್ತಿನಿಂದ ಆ ಲ್ಯಾಪ್‌ಟಾಪಿಗೆ ದಿನಾ ನನ್ನ ಬಾಯಲ್ಲಿ ಸಹಸ್ರನಾಮ.

ಅದಕ್ಕೂ ವಯಸ್ಸಾಗಿತ್ತು ಎನ್ನಿ. ಒಂದು ದವಡೆಯನ್ನು ತಿರುಗಿಸು ಎಂದರೆ ನಾನು ಚಹಾ ಕುಡಿದು ಬರುವಷ್ಟರಲ್ಲಿ ಅರ್ಧ ತಿರುಗಿಸಿರುತ್ತಿತ್ತು. ಜೊತೆಗೆ ಅದು ನನ್ನೊಬ್ಬಳದ್ದೂ ಆಗಿರಲಿಲ್ಲ. ಯಜಮಾನರ ರಿಪೋರ್ಟುಗಳು, ಅತ್ತೆಯವರು ಕೇಳುವ ಹಳೇ ಹಾಡುಗಳು, ಮನೆಯ ಫೋಟೊಗಳು, ಕರೆಂಟು ಬಿಲ್ಲು, ಎಲ್ಲವೂ ಅದರ ಹೊಟ್ಟೆಯಲ್ಲೇ. ಹೊಸದು ಕೊಳ್ಳಬೇಕೆಂದು ಎಷ್ಟೋ ತಿಂಗಳಿನಿಂದ ಮಾತು ನಡೆದಿತ್ತು. ಬರೀ ಮಾತು.

ಯಾಕೆಂದರೆ ನಮ್ಮ ಯಜಮಾನರು ಲಿಫ್ಟ್ ಇನ್ಸ್‌ಪೆಕ್ಟರು. ಕಟ್ಟಡಗಳಿಗೆ ಹೋಗಿ ಲಿಫ್ಟಿನ ಹಗ್ಗ, ಬ್ರೇಕು, ಬಾಗಿಲು ಪರೀಕ್ಷಿಸಿ ಸಹಿ ಹಾಕುವವರು. ಎಂಟು ಜನ ಹತ್ತಬಹುದು ಎಂದು ಬರೆದಿದ್ದರೆ ಹನ್ನೆರಡು ಜನರ ಭಾರ ಹೇರಿ ನೋಡದೆ ಅವರಿಗೆ ಸಮಾಧಾನವಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ಕುರ್ಚಿಯನ್ನು ಅಲ್ಲಾಡಿಸಿ ನೋಡಿಯೇ ಕೂತಿದ್ದರು. ಇಂಥವರು ಲ್ಯಾಪ್‌ಟಾಪ್ ಆರಿಸಲು ಕೂತರೆ ಮುಗಿಯಿತು. ಇದಕ್ಕೆ ಬ್ಯಾಟರಿ ಸಾಲದು, ಅದರ ಕೀಲು ಸಡಿಲ, ಇನ್ನೊಂದರ ಫ್ಯಾನು ನಂಬುವಂತಿಲ್ಲ.

"ಕೆಲಸದ್ದು ಬೇರೆ, ಮನೆಯದ್ದು ಬೇರೆ ಇರ್ಬೇಕು ಕಣೇ," ಎಂಬುದು ಅವರ ಮಂತ್ರ. "ಒಂದು ಒಳ್ಳೇ ಲ್ಯಾಪ್‌ಟಾಪು. ಕೆಲಸದ ಫೈಲಿಗೆ ಒಂದು ಡಿಸ್ಕು, ಮನೆಯ ಫೈಲಿಗೆ ಇನ್ನೊಂದು ಡಿಸ್ಕು. ಎಲ್ಲದಕ್ಕೂ ಮತ್ತೊಂದೊಂದು ನಕಲು. ಲಿಫ್ಟನ್ನ ಯಾರಾದ್ರೂ ಒಂದೇ ಹಗ್ಗಕ್ಕೆ ನೇತಾಕ್ತಾರಾ?"

"ಹಗ್ಗ ಎಷ್ಟಾದ್ರೂ ಇರ್ಲಿ ರೀ, ಮೊದ್ಲು ಲಿಫ್ಟು ಬರ್ಲಿ," ಎಂದು ನಾನು.

ಇನ್ನು ನಮ್ಮ ಅತ್ತೆ. ಅವರ ಮಾತಿಗೆ ಅಲ್ಪವಿರಾಮವುಂಟು, ಪೂರ್ಣವಿರಾಮವಿಲ್ಲ. ಅವರ ಮಾತಿನಲ್ಲಿ ಹೆಚ್ಚಾಗಿ ಬರುವುದು ಅವರ ಹಲ್ಲು. "ಈ ವಯಸ್ಸಲ್ಲೂ ಒಂದು ಹಲ್ಲು ಅಲ್ಲಾಡಿಲ್ಲ ನೋಡು. ಸಿಹಿ ಅಂತ ಮುಟ್ಟಿದವಳೇ ಅಲ್ಲ ನಾನು. ನಮ್ಮ ವಂಶದ ಹಲ್ಲೇ ಹಂಗೆ!" ಮಗನನ್ನು ಬೆಳೆಸಿದ್ದೂ ಈ ಹಲ್ಲು ತೋರಿಸಿಯೇ. ನಲವತ್ತು ದಾಟಿದ ಗಂಡಸು, ಈಗಲೂ ಯಾರಾದರೂ ಮಿಠಾಯಿ ಕೊಟ್ಟರೆ ಮೊದಲು ಅಮ್ಮನ ಮುಖ ನೋಡುತ್ತಾರೆ, ಆಮೇಲೆ "ಬೇಡ" ಎನ್ನುತ್ತಾರೆ.

ಈಗ ಆ ಬಾಯಲ್ಲಿರುವ ಹಲ್ಲು ಮಾಡಿದವಳು ನಾನು.

ಹೌದು, ಮೇಲಿನ ಸಾಲು ಪೂರ್ತಿ. ನಾನು ಈ ಮನೆಗೆ ಬಂದ ಹೊಸದರಲ್ಲಿ ಯಜಮಾನರು ಬೇರೆ ಊರಿನ ದೊಡ್ಡ ಕಟ್ಟಡವೊಂದರ ಕೆಲಸಕ್ಕೆಂದು ತಿಂಗಳುಗಟ್ಟಲೆ ಹೋಗಿದ್ದರು. ಅತ್ತೆಯ ಒಸಡು ಕೆಟ್ಟು ಹಲ್ಲೆಲ್ಲ ಓಲಾಡುತ್ತಿದ್ದ ಕಾಲ ಅದು. ಡಾಕ್ಟರು ಕೀಳುವ ಮೊದಲು ನಾನು ಒಂದೊಂದು ಹಲ್ಲಿನ ರೂಪವನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡೆ. ಎದುರಿನ ಒಂದು ಹಲ್ಲು ಪಕ್ಕದ್ದರ ಮೇಲೆ ತುಸು ಹತ್ತಿ ಕೂತಿತ್ತು. ಅದನ್ನೂ ಹಾಗೇ ಮಾಡಿದೆ. ಮಗ ವಾಪಸು ಬಂದವರು ಅಮ್ಮನ ಮುಖ ನೋಡಿ, "ಗೆಲುವಾಗಿದ್ದೀಯಲ್ಲಮ್ಮ!" ಎಂದರು, ಅಷ್ಟೆ. "ನನ್ನ ಮಗನಿಗೆ ಗೊತ್ತಾಗ್ಕೂಡದು. ನನ್ನಾಣೆ," ಎಂದು ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಅತ್ತೆ ಸೊಸೆಯರ ನಡುವೆ ಅವತ್ತು ಹುಟ್ಟಿದ ಸ್ನೇಹ ಇವತ್ತಿನವರೆಗೆ ಮುರಿದಿಲ್ಲ. ನಾವು ಜಗಳವಾಡುತ್ತೇವೆ, ಅದು ಬೇರೆ ಮಾತು.

ಆ ಸ್ಕ್ಯಾನನ್ನು ಬಚ್ಚಿಡುವುದೆಲ್ಲಿ? ಯಜಮಾನರು ಎಲ್ಲ ಫೋಲ್ಡರಿಗೂ ಕೈ ಹಾಕುವವರು, ಮಿಕ್ಸಿಯ ಗ್ಯಾರಂಟಿ ಕಾರ್ಡನ್ನೂ ಆಗಾಗ ಓದುವವರು. ಕೊನೆಗೆ ಒಂದು ಜಾಗ ಹೊಳೆಯಿತು. ಅವರ ಚಿಕ್ಕಪ್ಪ ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ದಿನ ಮಾಡಿದ ಭಾಷಣದ ವಿಡಿಯೊ ನಮ್ಮಲ್ಲಿತ್ತು. ಭಾಗ ಒಂದು, ಭಾಗ ಎರಡು. ಅವತ್ತು ಎದುರಿಗೆ ಕೂತವರೇ ಕೇಳಲಿಲ್ಲ, ಇನ್ನು ವಿಡಿಯೊ ಯಾರು ನೋಡುತ್ತಾರೆ? ಆ ಫೋಲ್ಡರಿನಲ್ಲಿ 'ಭಾಗ ಮೂರು' ಎಂದು ಮಾಡಿ ಅತ್ತೆಯ ಹಲ್ಲನ್ನು ಅದರೊಳಗಿಟ್ಟೆ. ಪ್ರಪಂಚದಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಾರದು ಅಂದುಕೊಂಡೆ.

ಎಲ್ಲ ಸರಿಯಾಗಿಯೇ ಇತ್ತು, ಆ ಶುಕ್ರವಾರದ ಸಂಜೆಯವರೆಗೆ.

ಊಟ ಮುಗಿಸಿ ಅತ್ತೆ ಅಂಜೂರ ತಿನ್ನುತ್ತಿದ್ದರು. ಅದರ ಬೀಜ ಹಲ್ಲಿನ ಸೆಟ್ಟಿನಡಿ ಸೇರಿ ಕಾಟ ಕೊಟ್ಟಿತಂತೆ. ಮಗ ಅತ್ತ ತಿರುಗಿದಾಗ ಸೆಟ್ಟನ್ನು ಸರಕ್ಕನೆ ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟು, ಬಾಯಿ ಮುಕ್ಕಳಿಸಲು ಎದ್ದು ಹೋದರು. ಅಷ್ಟರಲ್ಲಿ ಯಜಮಾನರಿಗೆ ಲ್ಯಾಪ್‌ಟಾಪಿನ ಜಾಹೀರಾತು ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ ಹೋಲಿಸಿ ನೋಡುವ ಹುರುಪು ಬಂತು. ತಟ್ಟೆ, ಲೋಟ, ಸಿಪ್ಪೆ, ಮುದುಡಿದ ಕಾಗದ, ಎಲ್ಲ ಬಾಚಿದರು. ಮೇಜು ಒರೆಸಿದರು. ಕಸದ ಚೀಲ ಕಟ್ಟಿ ಕೆಳಗೆ ಒಯ್ದು, ಬೀದಿಯಲ್ಲಿ ನಿಂತಿದ್ದ ಗಾಡಿಗೆ ತಾವೇ ಎಸೆದು ಬಂದರು. ಮನೆಗೆಲಸಕ್ಕೆ ಬೆರಳಾಡಿಸದ ಮನುಷ್ಯ, ಅವತ್ತು ಮಾತ್ರ ಎಲ್ಲಿಲ್ಲದ ಉತ್ಸಾಹ.

ಅತ್ತೆ ನನ್ನನ್ನು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಬಾಯಿ ತೆರೆದು ತೋರಿಸಿದರು. ಆ ಗುಂಡು ಮುಖ ಒಮ್ಮೆಗೇ ಇಳಿದುಹೋಗಿತ್ತು, ಕಣ್ಣಲ್ಲಿ ನೀರು. ನನಗೆ ಮೊದಲು ನಗು ಬಂತು, ಆಮೇಲೆ ಸೆರಗಿನಿಂದ ಅವರ ಕಣ್ಣೊರೆಸಿದೆ.

"ಅಳಬೇಡಿ ಅತ್ತೆ. ಒಸಡಿನ ಅಚ್ಚು ಈಗ್ಲೇ ನಾನೇ ತಗೋತೀನಿ. ಹಲ್ಲಿನ ರೂಪ ಲ್ಯಾಪ್‌ಟಾಪಲ್ಲಿದೆ. ನಾಳೆ ನಾಡಿದ್ದರಲ್ಲಿ ಹೊಸಾದು ರೆಡಿ," ಎಂದೆ. ಹೊರಗೆ ಬಂದು, "ಅತ್ತೆಗೆ ಗಂಟಲು ಕಟ್ಟಿದೆ, ಮಾತಾಡಬಾರ್ದು," ಎಂದು ಘೋಷಿಸಿದೆ. ಅತ್ತೆ ಮೂಗಿನ ಕೆಳಗಿನಿಂದ ಕುತ್ತಿಗೆಯವರೆಗೆ ಮಫ್ಲರ್ ಸುತ್ತಿಕೊಂಡು ಸೋಫಾದ ಮೂಲೆ ಹಿಡಿದರು.

ಇಷ್ಟಕ್ಕೇ ಬಿಡುತ್ತಾರೆಯೇ ಮಗರಾಯರು? ಅಮ್ಮ ಮಾತಾಡುತ್ತಿಲ್ಲ ಎಂಬುದೇ ಅವರಿಗೆ ದೊಡ್ಡ ಗಾಬರಿ. "ಹುಟ್ಟಿದಾಗಿನಿಂದ ಅಮ್ಮ ಸುಮ್ನಿದ್ದಿದ್ದು ನೋಡಿಲ್ಲ ಕಣೇ ನಾನು," ಎಂದು ಆಗಲೇ ಫೋನು ತಿರುಗಿಸಿ ಸೋಮವಾರ ಬೆಳಗ್ಗೆಗೆ ಗಂಟಲಿನ ಡಾಕ್ಟರ ಬಳಿ ಹೊತ್ತು ಗೊತ್ತು ಮಾಡಿಕೊಂಡರು. "ನಾನೇ ರಜಾ ಹಾಕಿ ಕರ್ಕೊಂಡು ಹೋಗ್ತೀನಿ. ಪಕ್ಕದಲ್ಲೇ ನಿಂತು ತೋರಿಸ್ತೀನಿ." ಗಂಟಲಿನ ಡಾಕ್ಟರು ಮೊದಲು ಹೇಳುವುದೇ 'ಆ ಅನ್ನಿ' ಎಂದು. ಮಫ್ಲರಿನ ಮೇಲಿದ್ದ ಎರಡು ಕಣ್ಣುಗಳು ನನ್ನನ್ನು ನೋಡಿದವು. ನಾನು ನೆಟ್ಟಗೆ ಲ್ಯಾಬಿಗೆ ಓಡಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ.

ಅದು ಏಳಲಿಲ್ಲ. ಮತ್ತೆ ಒತ್ತಿದೆ, ಬೈದೆ, ಬೆನ್ನು ತಟ್ಟಿದೆ. ಒಂದು ಸಲ ಫ್ಯಾನು ಗುರ್ ಎಂದು ಸುಮ್ಮನಾಯಿತು. ಪರದೆ ಕಪ್ಪಗೇ ಇತ್ತು. ಯಜಮಾನರು ಬಂದು ಅದರ ಹೊಟ್ಟೆ ಬಿಚ್ಚಿ, ಅಲ್ಲಿ ಮುಟ್ಟಿ ಇಲ್ಲಿ ಮೂಸಿ, "ಬೋರ್ಡು ಹೋಗಿದೆ. ಒಳಗಿನ ಡಿಸ್ಕು ಚೆನ್ನಾಗೇ ಇದೆ. ಅದನ್ನ ತೆಗೆದು ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದ್ರೆ ಎಲ್ಲ ಸಿಗತ್ತೆ," ಎಂದರು.

"ಹಾಗಾದ್ರೆ ನಾಳೆ ಬೆಳಗ್ಗೆ ಹೊಸದು ತರ್ಬೇಕು."

"ನಾಳೇನಾ? ಇನ್ನೂ ಹೋಲಿಕೆ ಮುಗಿದಿಲ್ವಲ್ಲೇ!"

"ಹೋಲಿಕೆ ಗೀಲಿಕೆ ಕಟ್ಟಿಡಿ. ನಾಳೆ ತರ್ಲಿಲ್ಲ ಅಂದ್ರೆ ನಾನು ಮನುಷ್ಯಳಾಗಿರಲ್ಲ." ನನ್ನ ದನಿ ಕೇಳಿ ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಶನಿವಾರ ಬೆಳಗ್ಗೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಮೂವರೂ ಹಾಜರು. ಅತ್ತೆಯನ್ನು ಮನೆಯಲ್ಲೇ ಇರಿ ಎಂದರೆ ಕೇಳಬೇಕಲ್ಲ? ತಮ್ಮ ಹಲ್ಲು ಸಿಗುವ ಲ್ಯಾಪ್‌ಟಾಪು ತಮ್ಮ ಕಣ್ಣೆದುರೇ ಆರಿಸಬೇಕಂತೆ; ಮೊಬೈಲಿನಲ್ಲಿ ಬರೆದು ತೋರಿಸಿದರು. ಅಂಗಡಿಯ ಹುಡುಗಿ ನಗುತ್ತ ಬಂದು, "ಕೆಲಸಕ್ಕಾ, ಮನೆಗಾ?" ಎಂದು ಕೇಳಿದಳು.

"ಎರಡಕ್ಕೂ," ಎಂದೆ ನಾನು.

"ಎರಡೂ ಬೇರೆ ಬೇರೆ," ಎಂದರು ಇವರು.

ಹುಡುಗಿ ಪಾಪ ಇಬ್ಬರ ಮುಖವನ್ನೂ ನೋಡಿದಳು. ನನಗೆ ಬೇಕಾದ್ದು ನನಗೆ ಗೊತ್ತಿತ್ತು. "ನಾನು ದಿನಾ ಹಲ್ಲನ್ನ ಪರದೆ ಮೇಲೆ ಮುನ್ನೂರರವತ್ತು ಡಿಗ್ರಿ ತಿರುಗಿಸೋಳು ಕಣಮ್ಮ. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು, ಮೆಮೊರಿ ಜಾಸ್ತಿ ಬೇಕು. ಪರದೆ ಕನ್ನಡಿ ಥರ ಹೊಳೀಬಾರ್ದು. ಬಣ್ಣ ಇದ್ದಿದ್ದನ್ನ ಇದ್ದ ಹಾಗೆ ತೋರಿಸ್ಬೇಕು, ಇಲ್ಲಾಂದ್ರೆ ಹಳದಿ ಹಲ್ಲಿನವರಿಗೆ ಬಿಳೀ ಹಲ್ಲು ಹೋಗತ್ತೆ." ಅವಳು ಮೂರು ತೋರಿಸಿದಳು. ತೆಳ್ಳಗಿದ್ದುದನ್ನು ನಾನೇ ಬೇಡವೆಂದೆ. ತೆಳ್ಳಗಿರುವವು ಬೇಗ ಬಿಸಿಯಾಗುತ್ತವೆ. ಎರಡು ಉಳಿದವು.

ಆಗ ಇವರು ಮುಂದೆ ಬಂದರು. "ಬಿದ್ರೆ ಏನಾಗತ್ತೆ?"

"ಯಾಕೆ ಸರ್, ಬೀಳಿಸ್ತೀರಾ?"

"ಇಲ್ಲಮ್ಮ. ನಾನು ಲಿಫ್ಟ್ ನೋಡೋನು. ಮೊದ್ಲು ಬೀಳೋದನ್ನೇ ಕೇಳೋದು."

ಕೀಲು ಬಿಚ್ಚಿದರು, ಮುಚ್ಚಿದರು, ಬಿಚ್ಚಿದರು. ಫ್ಯಾನಿಗೆ ಕಿವಿ ಕೊಟ್ಟರು. ಚಾರ್ಜರಿನ ತಂತಿಯನ್ನು ಎಳೆದು ನೋಡಿದರು. ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳು ಇವರೇ ಕಂಪನಿಯವರು ಅಂದುಕೊಂಡು ಇವರನ್ನೇ ಸಲಹೆ ಕೇಳತೊಡಗಿದರು. ಇವರೂ ಹೇಳತೊಡಗಿದರು! ಅಷ್ಟರಲ್ಲಿ ಅತ್ತೆ ಉಳಿದೆರಡರಲ್ಲಿ ಒಂದರ ಮುಂದೆ ಕೂತು, ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ ನನ್ನ ತೊಡೆ ಚಿವುಟಿದರು. ಇದೇ ಆಗಲಿ, ಬೇಗ ನಡಿ ಎಂದು ಅರ್ಥ. ಅದು ನನಗೂ ಒಪ್ಪಿಗೆಯಾಗಿದ್ದ ಲ್ಯಾಪ್‌ಟಾಪೇ. "ಇದನ್ನೇ ಕಟ್ಟಮ್ಮ," ಎಂದೆ.

ಡಿಸ್ಕಿನ ವಿಷಯದಲ್ಲಿ ಮಾತ್ರ ಇವರದೇ ನಡೆಯಿತು. ಕೆಲಸಕ್ಕೆ ನೀಲಿ ಬಣ್ಣದ, ಅಂಗೈಯಗಲದ, ವೇಗದ ಡಿಸ್ಕು. ಮನೆಗೆ ಬಿಳಿ ಬಣ್ಣದ, ನಿಧಾನಿ ಆದರೆ ಹೊಟ್ಟೆ ದೊಡ್ಡದಾದ ಡಿಸ್ಕು. ಎರಡರ ನಕಲಿಗೂ ಅದಕ್ಕಿಂತ ದೊಡ್ಡದೊಂದು ಕರಿಯದು. "ಇದು ಬೀರುವಿನೊಳಗೆ ಇರತ್ತೆ. ದಿನಾ ಮುಟ್ಟೋದಲ್ಲ," ಎಂದು ಕರಿಯದನ್ನು ಎದೆಗೊತ್ತಿಕೊಂಡು ಬಂದರು. ಈ ವಿಷಯದಲ್ಲಿ ಅವರು ಹೇಳುವುದು ಸರಿ ಎಂದು ನನಗೂ ಗೊತ್ತು. ಆದರೆ ಅವತ್ತು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ.

ಮಧ್ಯಾಹ್ನ ಲ್ಯಾಬಿನಲ್ಲಿ ಹೊಸ ಲ್ಯಾಪ್‌ಟಾಪು ಬೆಳಗಿತು. ಹಳೆಯದರ ಡಿಸ್ಕನ್ನು ಒಂದು ಡಬ್ಬಿಯಲ್ಲಿ ಕೂರಿಸಿ ಜೋಡಿಸಿದ್ದೇ ತಡ, ಫೋಲ್ಡರುಗಳೆಲ್ಲ ಒಂದೊಂದಾಗಿ ತಲೆ ಎತ್ತಿದವು. ನನಗೆ ಜೀವ ಬಂದಂತಾಯಿತು. ನಾನು ಕುರ್ಚಿ ಎಳೆದುಕೊಂಡೆ. ಇವರೂ ಎಳೆದುಕೊಂಡರು.

"ನೀನು ಹೋಗಿ ಸ್ವಲ್ಪ ಮಲಕ್ಕೋ. ನಾನು ವಿಂಗಡಿಸ್ತೀನಿ."

"ನನಗೇನು ನಿದ್ದೆ ಬಂದಿಲ್ಲ. ನೀವು ಮಲಕ್ಕೊಳ್ಳಿ. ನನ್ನ ಕೆಲಸದ ಫೈಲು ನಾನು ನೋಡ್ಕೋತೀನಿ."

"ಕೆಲಸದ್ದು ನೀನೇ ನೋಡ್ಕೋ. ಮನೆಯದ್ದು ಮಾತ್ರ ನನಗೆ ಬಿಡು."

"ಮನೆಯದ್ದೂ ನಾನೇ ಮಾಡ್ತೀನಿ ಬಿಡಿ."

ಇದೇನಪ್ಪ ಇವರಿಗೆ ಇಷ್ಟು ಹಟ ಎಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ನನ್ನದೇ ಗಡಿಬಿಡಿ ನನಗೆ. ಚಹಾ ಬೇಕು ಎಂದೆ, ಇವರು ಏಳಲಿಲ್ಲ. ಯಾರೋ ಬೆಲ್ ಮಾಡಿದ ಹಾಗಿತ್ತು ಎಂದರು, ನಾನು ಏಳಲಿಲ್ಲ. ಮೇಜಿನ ಮೇಲಿದ್ದ ನನ್ನ ಮೊಬೈಲು ಗುಂಯ್‌ಗುಟ್ಟಿತು. ಹಾಲಿನಿಂದ ಅತ್ತೆಯ ಮೆಸೇಜು: 'ಸಿಕ್ತಾ?' ಎರಡು ನಿಮಿಷಕ್ಕೆ ಮತ್ತೆ: 'ಸಿಕ್ತೇನೇ?' ನಾನು ಮೊಬೈಲನ್ನು ಮಗುಚಿ ಹಾಕಿದೆ.

ಇವರು ಕರೆಂಟು ಬಿಲ್ಲುಗಳನ್ನು ಬಿಳಿ ಡಿಸ್ಕಿಗೆ ಸಾಗಿಸಿದರು. ಫೋಟೊ ಸಾಗಿಸಿದರು. ಅತ್ತೆಯ ಹಾಡು ಸಾಗಿಸಿದರು. ಆಮೇಲೆ ಪರದೆಯ ಮೇಲಿನ ಬಾಣ ನಿಧಾನಕ್ಕೆ ಇಳಿದು 'ಚಿಕ್ಕಪ್ಪನ ನಿವೃತ್ತಿ ಭಾಷಣ'ದ ಮೇಲೆ ನಿಂತಿತು. ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು.

"ಇದನ್ನ ನಾನು ಮಾಡ್ತೀನಿ."

"ಇದನ್ನ ನಾನು ಮಾಡ್ತೀನಿ."

"ನಿನಗ್ಯಾಕೆ ಚಿಕ್ಕಪ್ಪನ ಭಾಷಣ?"

"ಯಾಕೆ, ನನಗೆ ಗೌರವ ಇರಬಾರ್ದಾ? ಎಷ್ಟು ಚೆನ್ನಾಗಿ ಮಾತಾಡಿದ್ರು! ನಲ್ಲಿ, ಪೈಪು... ನಿಮಗ್ಯಾಕೆ?"

"ನನ್ನ ಸ್ವಂತ ಚಿಕ್ಕಪ್ಪ ಕಣೇ. ಆಗಾಗ ಕೇಳ್ತಿರ್ತೀನಿ."

"ಸುಳ್ಳು! ಅವತ್ತು ಮೊದಲನೇ ಸಾಲಲ್ಲಿ ಕೂತು ತೂಕಡಿಸಿದವರು ನೀವೇ."

ಇಬ್ಬರ ಕೈಯೂ ಮೌಸಿನ ಮೇಲೆ. ನಾನು ಎಳೆದೆ, ಇವರು ಎಳೆದರು, ನಡುವೆ ಅದು ಎರಡು ಸಲ ಟಕ್ ಟಕ್ ಎಂದಿತು. ಹಳೆಯ ಲ್ಯಾಪ್‌ಟಾಪಾಗಿದ್ದರೆ ಫೋಲ್ಡರು ತೆರೆಯುವಷ್ಟರಲ್ಲಿ ನಾನು ಏನಾದರೂ ಹಂಚಿಕೆ ಹೂಡುತ್ತಿದ್ದೆ. ಇದು ಹೊಸದು, ಆರಿಸಿ ತಂದದ್ದು, ದರಿದ್ರದ್ದು. ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ತೆರೆದಿದ್ದಷ್ಟೇ ಅಲ್ಲ, ಪ್ರತಿ ಫೋಲ್ಡರಿನ ಒಳಗಿರುವುದನ್ನು ಅದರ ಮುಖದ ಮೇಲೇ ದೊಡ್ಡ ಚಿತ್ರವಾಗಿ ತೋರಿಸಿತು. ಭಾಗ ಒಂದು: ಮೈಕಿನ ಮುಂದೆ ಚಿಕ್ಕಪ್ಪ. ಭಾಗ ಎರಡು: ಮೈಕಿನ ಮುಂದೆ ಚಿಕ್ಕಪ್ಪ. ಭಾಗ ಮೂರು: ಒಂದು ಸಾಲು ಹಲ್ಲು.

ಭಾಗ ನಾಲ್ಕು: ಅರ್ಧ ದವಡೆ, ಅದರಲ್ಲೊಂದು ಕೋರೆಹಲ್ಲು.

"ಇದ್ಯಾರ ಹಲ್ಲು?" ಎಂದು ಇವರು ಮೂರನೆಯದಕ್ಕೆ ಬೆರಳು ತೋರಿಸಿದರು. ನನಗೆ ಕೇಳಿಸಲೇ ಇಲ್ಲ. ನಾನು ನಾಲ್ಕನೆಯದಕ್ಕೆ ಮೂಗು ತಾಗಿಸಿ ಕೂತಿದ್ದೆ.

"ನನ್ನ ಹಲ್ಲು! ಕಳೆದುಹೋದ ನನ್ನ ಕೋರೆಹಲ್ಲು! ಇದಿಲ್ಲಿಗೆ ಹೆಂಗೆ ಬಂತು ರೀ?"

ತಿರುಗಿ ನೋಡಿದರೆ ಯಜಮಾನರು ತುಟಿಯನ್ನು ಒಳಗೆ ಎಳೆದುಕೊಂಡು ಕೂತಿದ್ದಾರೆ. ಆ ಮುಚ್ಚಿದ ಬಾಯಿ. ನನ್ನ ತಲೆಯೊಳಗೆ ಏನೋ ಫಳಕ್ ಎಂದಿತು. ಉಜ್ಜುವ ಮೇಜಿನ ದೀಪವನ್ನು ಎಳೆದು ಅವರ ಮುಖಕ್ಕೆ ಹಿಡಿದೆ.

"ಬಾಯಿ ತೆಗೀರಿ."

"ಬೇಡ ಕಣೇ..."

"ಬಾಯಿ ತೆಗೀರಿ ಅಂದೆ!"

ತೆಗೆದರು. ಎಡಗಡೆ, ಮೇಲೆ. ಬುಡದಲ್ಲಿ ತುಸು ಹಳದಿ, ತುದಿಯಲ್ಲಿ ಗಾಜಿನಂಥ ತೆಳು ಬಣ್ಣ. ನನ್ನ ಕೆಲಸ. ವರ್ಷವಿಡೀ ನನ್ನೆದುರು ಕೂತು ಉಂಡಿದೆ, ನಕ್ಕಿದೆ, ಆಕಳಿಸಿದೆ, ನನಗೆ ಗೊತ್ತಾಗಿಲ್ಲ. ನಾಚಿಕೆಪಡಬೇಕೋ ಹೆಮ್ಮೆಪಡಬೇಕೋ ತಿಳಿಯಲಿಲ್ಲ.

"ಒಂದು ಕಟ್ಟಡದಲ್ಲಿ ಮಿಠಾಯಿ ಕೊಟ್ರು," ಎಂದು ಇವರು ನೆಲ ನೋಡುತ್ತ ಹೇಳಿದರು. "ಯಾರೂ ಇರ್ಲಿಲ್ಲ ಅಂತ ತಿಂದೆ. ಹಲ್ಲು ಅಡ್ಡಡ್ಡ ಮುರೀತು. ಡಾಕ್ಟರ ಹತ್ರ ಹೋಗಿ, ಹಲ್ಲು ಮಾತ್ರ ಈ ಲ್ಯಾಬಲ್ಲೇ ಮಾಡಿಸಿ, ಹೆಸರು ಹೇಳಬೇಡಿ ಅಂದೆ. ಬೇರೆಯವರ ಕೈಯಲ್ಲಿ ಮಾಡಿಸೋಕೆ ಮನಸ್ಸೇ ಬರ್ಲಿಲ್ಲ ಕಣೇ. ನೀನಾದ್ರೆ ಸರಿಯಾಗಿ ಮಾಡ್ತೀಯ ಅಂತ ಗೊತ್ತಿತ್ತು. ಆಮೇಲೆ ನೀನು ಅದನ್ನ ಸಭೇಲಿ ತೋರಿಸ್ತೀನಿ ಅಂದ್ಯಲ್ಲ, ಯಾರಾದ್ರೂ ಗುರುತು ಹಿಡಿದ್ರೆ ಅಂತ ಭಯ ಆಯ್ತು. ಯಾರೂ ತೆಗೆದು ನೋಡದ ಜಾಗ ಅಂತ ಇಲ್ಲಿ ಇಟ್ಟೆ. ಅಷ್ಟೊತ್ತಿಗೆ ಚಿಕ್ಕಪ್ಪ ಮೂರು ಭಾಗ ಮಾತಾಡಿದ್ರು, ನಾಲ್ಕನೇದು ಇದ್ರೆ ಯಾರಿಗೆ ಆಶ್ಚರ್ಯ?"

ಎಲ್ಲರಿಗೂ ಹಲ್ಲು ಮಾಡಿಕೊಟ್ಟೆ, ಯಾರೂ ಬಂದು ನಿನ್ನ ಕೈ ಚೆನ್ನಾಗಿದೆ ಎಂದು ಹೇಳಿದವರಿಲ್ಲ. ಹೇಳಿದವರು ಇವರೊಬ್ಬರು, ಅದೂ ಕದ್ದುಮುಚ್ಚಿ. ದೀಪವನ್ನು ಅವರ ಮುಖದಿಂದ ಪಕ್ಕಕ್ಕೆ ತಿರುಗಿಸಿದೆ. ಅದರ ಹಿಂದೆಯೇ ಇನ್ನೊಂದು ನೆನಪಾಗಿ ಮೈಯೆಲ್ಲ ಬಿಸಿಯಾಯಿತು. ನಿದ್ದೆಯಲ್ಲಿ ಹಲ್ಲು ಕಡಿಯುವ ಮನುಷ್ಯ. ಅವನನ್ನು ಕಟ್ಟಿಕೊಂಡ ಗಯ್ಯಾಳಿ.

"ನಾನು ಅವತ್ತು ಊಟದ ಹೊತ್ತಲ್ಲಿ ಏನೇನೋ ಅಂದಿದ್ದೆ..."

"ಅಂದಿದ್ದೆ," ಎಂದರು ಇವರು. "ನಾನು ಬಾಯಿ ಮುಚ್ಚಿಕೊಂಡಿದ್ದೆ."

ನಾನು ಏನಾದರೂ ಹೇಳುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು. "ಅಮ್ಮನಿಗೆ ಮಾತ್ರ ಹೇಳಬೇಡ ಕಣೇ. ಈ ವಯಸ್ಸಲ್ಲೂ ಅವಳದ್ದು ಒಂದೂ ಹೋಗಿಲ್ಲ, ನನಗೆ ನಲವತ್ತಕ್ಕೇ ಕಟ್ಟಿದ ಹಲ್ಲು. ವಂಶದ ಮಾನ ಕಳೆದೆ ಅಂತ ನೊಂದುಕೊಳ್ತಾಳೆ. ನಿನ್ನಾಣೆ." ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಚಿಕ್ಕ ಹುಡುಗನ ಮುಖ ಅದು.

ಆಮೇಲೆ ಅವರಿಗೆ ಭಾಗ ಮೂರು ನೆನಪಾಯಿತು. "ಅದಿರ್ಲಿ, ಈ ಇಡೀ ಸಾಲು ಯಾರ್ದು? ಇದನ್ನ ಇಲ್ಲಿ ಇಟ್ಟವರ್ಯಾರು?"

"ಅದೊಂದು ಕೇಸು," ಎಂದೆ. "ಹೆಸರು ಹೇಳೋ ಹಾಗಿಲ್ಲ. ನಮ್ಮ ಕಸುಬಿನ ನಿಯಮ. ಬೇಕಾದ್ರೆ ಇನ್ನೂ ನೂರು ಸಲ ಕೇಳಿ, ನಾನು ಹೇಳಲ್ಲ."

ಬಾಗಿಲ ಬಳಿ ಸದ್ದಾಯಿತು. ಅತ್ತೆ ನಿಂತಿದ್ದರು. ಮೆಸೇಜಿಗೆ ಉತ್ತರ ಬಾರದೆ ಎದ್ದು ಬಂದವರು, ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮಫ್ಲರಿನ ಮೇಲೆ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅವು ಮಗನನ್ನೇ ನೋಡುತ್ತಿದ್ದವು. ನಾನು 'ಬೇಡ, ನಾನು ಹೇಳಿಲ್ಲ' ಎಂಬಂತೆ ತಲೆಯಾಡಿಸಿದೆ. ಅವರು ತಿರುಗಿ ಸೋಫಾಕ್ಕೆ ಹೋಗಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ನಾಳೆ ಸಂಜೆಗೆ ಹಲ್ಲು ಸಿದ್ಧ, ಸೋಮವಾರ ಡಾಕ್ಟರೂ ಬೇಡ.

ಅತ್ತೆ ಮಫ್ಲರಿನ ಸುತ್ತು ಬಿಚ್ಚಿದರು. ನಿಧಾನವಾಗಿ ಮಡಿಸಿ ಹೆಗಲ ಮೇಲೆ ಹಾಕಿಕೊಂಡರು. ಮಗನ ಎದುರು ಬಂದು ನಿಂತರು. ಬಾಯಿ ತುಂಬ, ಒಸಡು ಪೂರ್ತಿ ಕಾಣುವಂತೆ, ನಕ್ಕರು.

"ಅದು ನಂದು ಕಣೋ ದಡ್ಡ," ಎಂದರು. ಮಾತಿನ ನಡುವೆ ಗಾಳಿ ಸೋರುತ್ತಿತ್ತು. "ನಿನ್ನ ಹೆಂಡ್ತಿ ಮಾಡಿಕೊಟ್ಟಿದ್ದು. ಟಿಶ್ಯೂ ಪೇಪರಲ್ಲಿ ಸುತ್ತಿಟ್ಟಿದ್ದೆ, ನಿನ್ನೆ ನೀನೇ ಒಯ್ದು ಕಸದ ಗಾಡಿಗೆ ಹಾಕಿ ಬಂದೆ."

ಯಜಮಾನರು ಅಮ್ಮನ ಬಾಯಿ ನೋಡಿದರು, ಪರದೆ ನೋಡಿದರು, ನನ್ನನ್ನು ನೋಡಿದರು. "ನಾನಾ?" ಎಂದರು. ಆಮೇಲೆ, "ಹಾಗಾದ್ರೆ ವಂಶದ ಹಲ್ಲು?"

"ವಂಶವೂ ಇಲ್ಲ, ಗಿಂಶವೂ ಇಲ್ಲ. ನೀನು ಹಲ್ಲುಜ್ಜಲಿ ಅಂತ ಹೇಳ್ತಿದ್ದೆ. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ." ಅತ್ತೆ ಮಗನ ತುಟಿಯನ್ನು ಹೆಬ್ಬೆರಳಿನಿಂದ ಮೇಲೆತ್ತಿ ಕೋರೆಹಲ್ಲನ್ನು ನೋಡಿದರು. "ಒಂದು ಹಲ್ಲು ಮುರಿದಿದ್ದಕ್ಕೆ ಅಮ್ಮನ ಹತ್ರ ಹೇಳ್ಕೊಳ್ಳೋಕೆ ಹೆದರಿಬಿಟ್ಯಲ್ಲೋ ಮಗನೇ. ಥೂ, ಸುಡುಗಾಡು ಹಲ್ಲು."

ಅವರಿಬ್ಬರೂ ಅಳುತ್ತ ನಗುತ್ತ ಇದ್ದಾಗ ನಾನು ಪರದೆಯತ್ತ ತಿರುಗಿಕೊಂಡೆ. ನನಗೂ ಮೂಗು ಒರೆಸಿಕೊಳ್ಳಬೇಕಿತ್ತು. ಎರಡು ದವಡೆಗಳೂ ಅಕ್ಕಪಕ್ಕ ಇದ್ದವು. ಮೇಲಂಗುಳದ ಅದೇ ಕಿರಿದಾದ ಕಮಾನು, ಎಡಗಡೆ ಅದೇ ಸಣ್ಣ ತಿರುವು. ಒಂದೇ ಅಚ್ಚು. ಇಬ್ಬರ ಬಾಯಿಗೂ ಕೆಲಸ ಮಾಡಿದವಳು, ಊರಿನವರ ಗುಣವನ್ನೆಲ್ಲ ಹಲ್ಲಿನಲ್ಲಿ ಓದುವವಳು, ಇದನ್ನು ಮಾತ್ರ ನೋಡಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಕಣ್ಣೊರೆಸಿಕೊಂಡು ಮತ್ತೆ ಮೌಸು ಹಿಡಿದಿದ್ದರು. ಭಾಗ ಮೂರು, ಭಾಗ ನಾಲ್ಕು ಇದ್ದ ಇಡೀ ಫೋಲ್ಡರನ್ನೇ ಆರಿಸಿದರು. ಬಾಣ ನೀಲಿ ಡಿಸ್ಕಿಗೂ ಬಿಳಿ ಡಿಸ್ಕಿಗೂ ನಡುವೆ ನಿಂತಿತು.

"ಇದು ಕೆಲಸದ್ದಾ, ಮನೆಯದ್ದಾ?"

"ಮನೆಯದ್ದು," ಎಂದರು ಅತ್ತೆ, ನಾನು ಬಾಯಿ ತೆರೆಯುವ ಮೊದಲೇ.

ಬಿಳಿಯದಕ್ಕೆ ಹಾಕಿದರು. ಕರಿಯದಕ್ಕೂ ಹಾಕಿದರು. "ಇನ್ನೊಂದು ಹಗ್ಗ ಇರ್ಲಿ," ಎಂದು ನೀಲಿಯದಕ್ಕೂ ಹಾಕಿದರು. ಚಿಕ್ಕಪ್ಪನ ಭಾಷಣವೂ ಜೊತೆಗೇ ಹೋಗಿ ಮೂರು ಕಡೆ ಅಜರಾಮರವಾಯಿತು.

ಭಾನುವಾರ ಸಂಜೆ ಹೊಸ ಸೆಟ್ಟು ಸಿದ್ಧವಾಯಿತು. ಅತ್ತೆ ಹಾಕಿಕೊಂಡು ಕನ್ನಡಿ ನೋಡಿ, ಎಡಗಡೆ ಸ್ವಲ್ಪ ಒತ್ತುತ್ತದೆ ಎಂದು ಆಕ್ಷೇಪಣೆ ತೆಗೆದು, ಎರಡು ದಿನದ ಬಾಕಿ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿ ಮುಗಿಸಿದರು. ಯಜಮಾನರು ತಮ್ಮ ಹಗ್ಗ-ಸ್ಪ್ಯಾನರುಗಳ ಕೆಲಸದ ಚೀಲದ ತಳದಿಂದ ಒಂದು ಪೊಟ್ಟಣ ತೆಗೆದರು. ಮಿಠಾಯಿ! ಎಷ್ಟು ದಿನದಿಂದ ಬಚ್ಚಿಟ್ಟಿದ್ದರೋ. ಅಭ್ಯಾಸಬಲದಿಂದ ಅಮ್ಮನ ಮುಖ ನೋಡಿದರು. ಅಮ್ಮ ಕೈ ಚಾಚಿ ದೊಡ್ಡ ತುಂಡನ್ನೇ ಎತ್ತಿಕೊಂಡರು.

"ಇಬ್ಬರೂ ನಿಧಾನಕ್ಕೆ ಕಚ್ಚಿ," ಎಂದು ನಾನು ರೇಗಿದೆ. "ಆ ಬಾಯಲ್ಲಿರೋದು ನನ್ನ ಕೆಲಸ."